ರಿವಾಲ್ವರ್ ಹಿಡಿಯ ಸ್ಕ್ರೂ ಸಡಿಲವಾದರೆ

ಚುನಾವಣೆ ಬಂದಾಗ ಲೈಸೆನ್ಸ್ ಇರುವ ನಮ್ಮಂಥವರಿಗೆ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡಲು ಹೇಳುತ್ತಾರೆ. 2024ರ ಲೋಕಸಭಾ ಚುನಾವಣೆ ಮುಗಿದ ಮೇಲೆ ನನ್ನ ಪಾಯಿಂಟ್ 32 ರಿವಾಲ್ವರನ್ನು ಶ್ರೀನಿವಾಸಪುರದ ಮನೆಗೆ ವಾಪಸ್ ತಂದೆ. ಕೈಗೆ ತೆಗೆದುಕೊಂಡರೆ ಹಿಡಿ ಸಣ್ಣಗೆ ಅಲುಗಾಡಿತು. ಅದು ಒಂದೇ ದಿನಕ್ಕೆ ಆಗುವಂಥದ್ದಲ್ಲ. ನಾನು ಗಮನಿಸಿರಲಿಲ್ಲ, ಅಷ್ಟೇ. ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧಗಳನ್ನು ರಿಪೇರಿ ಮಾಡಿ ನೋಡಿಕೊಳ್ಳುವವನು, ಆಗಿದ್ದವನು ನಾನು, ಹಾಗಾಗಿ ಮನಸ್ಸಿಗೆ ಸ್ವಲ್ಪ ಚುಚ್ಚಿತು.

ಮೊದಲು ಗುಂಡು ತೆಗೆಯಿರಿ. ಕಾನ್ಪುರದಲ್ಲಿ ತಯಾರಾದ ನಮ್ಮ ಪಾಯಿಂಟ್ 32 ರಿವಾಲ್ವರ್, ಮೇಲಿನ ಕೊಂಡಿ ಬಿಟ್ಟರೆ ಮಧ್ಯಕ್ಕೆ ಮಡಚಿಕೊಳ್ಳುತ್ತದೆ, ತೋಟಾಗಳು ತಾವೇ ಮೇಲೆ ಬರುತ್ತವೆ. ಆರನ್ನೂ ಎಣಿಸಿ ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಆರು ತೂತುಗಳನ್ನೂ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಖಾಲಿ ಇದೆ ಅಂತ ಗೊತ್ತಿದ್ದರೂ ರಿವಾಲ್ವರಿನ ನಳಿಕೆಯ ಬಾಯಿ ಒಂದು ಮರಳಿನ ಚೀಲದ ಕಡೆಗೇ ಇರಲಿ.

ಸ್ಕ್ರೂ ಸಡಿಲವಾಗಲು ಕಾರಣ ಬಹಳ ಸಲ ಎಣ್ಣೆ. ಶುಚಿ ಮಾಡುವಾಗ ಜಾಸ್ತಿ ಎಣ್ಣೆ ಹಾಕುತ್ತೇವೆ, ಅದು ಸ್ಕ್ರೂವಿನ ಥ್ರೆಡ್‌ಗೆ, ಅಂದರೆ ಸುತ್ತು ಗೆರೆಗಳಿಗೆ, ಇಳಿಯುತ್ತದೆ. ಹೊಡೆದಾಗ ಬರುವ ಅದುರಿಗೆ ಸ್ಕ್ರೂ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗುತ್ತದೆ. ಹಿಡಿ ಮರದ್ದಾದರೆ ಬೇಸಿಗೆಯಲ್ಲಿ ಮರವೂ ಕುಗ್ಗುತ್ತದೆ. ಹಾಗಾಗಿ ಬಿಗಿ ಮಾಡಿದರಷ್ಟೇ ಸಾಲದು, ಎಣ್ಣೆಯನ್ನೂ ತೆಗೆಯಬೇಕು.

ಈಗ ಸ್ಕ್ರೂಡ್ರೈವರ್ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಅಂಗಡಿಯ ಸಾಧಾರಣ ಸ್ಕ್ರೂಡ್ರೈವರ್ ತುದಿ ಬೆಣೆಯ ಹಾಗೆ ಇರುತ್ತದೆ. ಸ್ಕ್ರೂ ತಲೆಯ ಸೀಳಿನಲ್ಲಿ ಅದು ಮೇಲಂಚಿಗೆ ಮಾತ್ರ ತಾಗುತ್ತದೆ. ಒತ್ತಿ ತಿರುಗಿಸಿದರೆ ಜಾರಿ ಅಂಚು ಕಿತ್ತುಕೊಳ್ಳುತ್ತದೆ, ಪಕ್ಕದ ಲೋಹಕ್ಕೂ ಗೀರು ಬೀಳುತ್ತದೆ. ನಾನು ಒಂದು ಹಳೆಯ ಸ್ಕ್ರೂಡ್ರೈವರನ್ನು ಸಣ್ಣ ಅರದಿಂದ ಉಜ್ಜಿ ತುದಿಯ ಎರಡೂ ಮುಖ ಸಮ ಮಾಡಿಕೊಂಡೆ. ಉಜ್ಜುವುದು, ಸೀಳಿಗೆ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಅರ್ಧ ಗಂಟೆ ಹಿಡಿಯಿತು. ಕೊನೆಗೆ ತುದಿ ಸೀಳಿನ ತಳ ಮುಟ್ಟಿ ಅಲುಗಾಡದೆ ಕೂತಿತು. ಹಾಗೆ ಕೂರುವವರೆಗೆ ತಿರುಗಿಸಬೇಡಿ.

ಬಿಳಿ ಟವೆಲ್ ಹಾಸಿಕೊಂಡು ಸ್ಕ್ರೂ ತೆಗೆಯಿರಿ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಥ್ರೆಡ್ ಒರೆಸಿ, ಅದು ಕೂತುಕೊಳ್ಳುವ ಜಾಗವನ್ನೂ ಕಡ್ಡಿಗೆ ಹತ್ತಿ ಸುತ್ತಿ ಒರೆಸಿ, ಆರಲು ಬಿಡಿ. ವಾಪಸ್ ಹಾಕುವಾಗ ಮೊದಲ ಎರಡು ಸುತ್ತು ಬೆರಳಲ್ಲೇ ತಿರುಗಿಸಿ. ಥ್ರೆಡ್ ಓರೆಯಾಗಿ ಕೂತರೆ ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಸ್ಕ್ರೂಡ್ರೈವರ್. ಹಿಡಿಯ ಅಲುಗಾಟ ನಿಂತ ತಕ್ಷಣ ಕೈ ತೆಗೆಯಿರಿ. ಇನ್ನೂ ಬಿಗಿದರೆ ಹಿಡಿ ಸೀಳುತ್ತದೆ.

ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ನೀಲಿ ಲಾಕ್‌ಟೈಟ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಹಾಕಬಹುದು. ಕಡ್ಡಿ ತುದಿಯಲ್ಲಿ ತೆಗೆದುಕೊಂಡು ಥ್ರೆಡ್‌ಗೆ ಮಾತ್ರ ಸವರಿ, 24 ಗಂಟೆ ಮುಟ್ಟಬೇಡಿ. ಕೆಂಪು ಬಣ್ಣದ್ದು ಬೇಡ, ಅದನ್ನು ಬಿಡಿಸಲು ಕಾಯಿಸಬೇಕಾಗುತ್ತದೆ. ಹಿಡಿ ಪ್ಲಾಸ್ಟಿಕ್ ಆಗಿದ್ದರೆ ನೀಲಿಯೂ ಬೇಡ. ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ.

ಇದೆಲ್ಲ ಹಿಡಿಯ ಸ್ಕ್ರೂಗೆ ಮಾತ್ರ. ಮಡಚುವ ಕೀಲು ಅಲುಗಾಡಿದರೆ, ಟ್ರಿಗರ್ ಹತ್ತಿರದ ಸ್ಕ್ರೂ ಸಡಿಲವಾದರೆ, ಲೈಸೆನ್ಸ್ ಇರುವ ರಿಪೇರಿ ಅಂಗಡಿಗೇ ಕೊಡಿ. ಒಳಗೆ ಸ್ಪ್ರಿಂಗ್ ಇದೆ. ನಮ್ಮೂರಿನ ಮಾವಿನ ಮಂಡಿಯವರೊಬ್ಬರು, "ಸುಬೇದಾರ್ರೇ, ಒಂದು ಸ್ಕ್ರೂ ಅಲ್ವಾ, ನೀವೇ ಮಾಡಿಕೊಡಿ" ಅಂತ ತಮ್ಮದನ್ನು ತಂದಿದ್ದರು. ನಾನು ಮುಟ್ಟಲಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಬೇರೆಯವರ ಆಯುಧ ರಿಪೇರಿಗೂ ಲೈಸೆನ್ಸ್ ಬೇಕು. ಬೇಸರ ಮಾಡಿಕೊಂಡರು, ಆದರೆ ಕೂರಿಸಿ ಕಾಫಿ ಕೊಟ್ಟು ಅಂಗಡಿಗೆ ಕಳಿಸಿದೆ.

ಎಲ್ಲ ಆದ ಮೇಲೆ ನನ್ನ ಮಗಳ ಕೆಂಪು ನೇಲ್ ಪಾಲಿಶ್ ತಗೊಂಡು ಸ್ಕ್ರೂ ತಲೆಯಿಂದ ಹಿಡಿಯ ಮೇಲಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದೆ. ಸ್ಕ್ರೂ ಸ್ವಲ್ಪ ತಿರುಗಿದರೂ ಗೆರೆ ತುಂಡಾಗುತ್ತದೆ. ಈಗ ತಿಂಗಳಿಗೊಮ್ಮೆ ಬೀರು ತೆಗೆದಾಗ ಮೊದಲು ನೋಡುವುದು ಆ ಗೆರೆಯನ್ನೇ.