ಮೊದಲ ಮನೆಯಲ್ಲಿ ಎಡವಿದ್ದು, ಎರಡನೆಯದರಲ್ಲಿ ಕಲಿತದ್ದು

ಕೇರಳದಲ್ಲಿ ನೆಲೆಸಿ ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಮನೆಗಳನ್ನು ನಾನು ಮೊದಲು ನೋಡಿದ್ದು ಫೋಟೋಗಳಲ್ಲಿ. ಪ್ಲಾಸ್ಟರ್ ಇಲ್ಲದ ಕೆಂಪು ಇಟ್ಟಿಗೆ, ಬಳುಕುವ ಗೋಡೆ, ಇಟ್ಟಿಗೆ ಜಾಲರಿಯ ಕಿಂಡಿಗಳಿಂದ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕಿಗಳು. ಮೈಸೂರಿನಲ್ಲಿ ನನಗೆ ಕಟ್ಟೋಕೆ ಸಿಕ್ಕ ಮೊದಲ ಮನೆಯನ್ನು ಹಾಗೇ ಕಟ್ಟಿಕೊಡ್ತೀನಿ ಅಂತ ಮಾಲೀಕರಿಗೆ ಮಾತು ಕೊಟ್ಟುಬಿಟ್ಟೆ. ಖರ್ಚೂ ಕಡಿಮೆ ಆಗುತ್ತೆ ಅಂದೆ. ಆ ಕೊನೇ ಮಾತು ಬೇಡವಾಗಿತ್ತು.

ಬೇಕರ್ ಜಾಸ್ತಿ ಬಳಸಿದ್ದು ರ‍್ಯಾಟ್ ಟ್ರ್ಯಾಪ್ ಬಾಂಡ್, ಅಂದರೆ ಇಲಿಬೋನಿನಂಥ ಕಟ್ಟಣೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು. ಹೊರಗೊಂದು, ಒಳಗೊಂದು, ನಡುವೆ 3 ಇಂಚು ಪೊಳ್ಳು, ಪಕ್ಕದಲ್ಲಿ ಒಂದು ಅಡ್ಡ ಇಟ್ಟಿಗೆ. ಗೋಡೆ 9 ಇಂಚೇ ಇರುತ್ತೆ, ಆದರೆ ಇಟ್ಟಿಗೆ ಸುಮಾರು 25% ಉಳಿಯುತ್ತೆ. ಪೊಳ್ಳಿನಲ್ಲಿ ನಿಂತ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತೆ.

ಕಾಗದದ ಮೇಲೆ ಇಷ್ಟೇ. ಸೈಟಿನಲ್ಲಿ ಮೂರು ಕಡೆ ಎಡವಿದೆ. ಇಟ್ಟಿಗೆಗಳು ಒಂದೊಂದು ಒಂದೊಂದು ಅಳತೆ, ಒಳಮುಖ ಸರಿಹೋದರೆ ಹೊರಮುಖ ಡೊಂಕು. ಕರಣೆಯಿಂದ ಜಾರಿದ ಗಾರೆ ಪೊಳ್ಳಿಗೆ ಬಿದ್ದು ಅಲ್ಲೇ ಗಟ್ಟಿಯಾಯ್ತು. ಮಳೆಗಾಲದಲ್ಲಿ ಒಳಗೋಡೆಗೆ ತೇವ ದಾಟಿದ್ದು ಅದೇ ದಾರಿಯಲ್ಲಿ. ಕೊನೆಗೆ ವೈರಿಂಗ್‌ನವನು ಬಂದು ಎಂದಿನಂತೆ ಉಳಿ ಹಿಡಿದು ಪೈಪಿಗೆ ಗೋಡೆ ಕೊರೆದ. ನಿಂತ ಇಟ್ಟಿಗೆ ಪೂರ್ತಿ ಒಡೆದು ಪೊಳ್ಳಿಗೆ ಬಿತ್ತು. ತೇಪೆ ಹಾಕಿದೆವು, ಆಮೇಲೆ ಅದನ್ನು ಮುಚ್ಚೋಕೆ ಪ್ಲಾಸ್ಟರ್. ಉಳಿತಾಯ ಅಲ್ಲಿಗೇ ಮುಗಿಯಿತು.

ಆಮೇಲೆ ತಿರುವನಂತಪುರಕ್ಕೆ ಹೋದೆ. ಮೊದಲೇ ಹೋಗಬೇಕಿತ್ತು. ಬೇಕರ್ 2007ರಲ್ಲೇ ತೀರಿಕೊಂಡಿದ್ದರು. ಉಳ್ಳೂರಿನಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರಿಗಾಗಿ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆಯನ್ನು ನೋಡಿದೆ. ಗುಡ್ಡದ ಇಳಿಜಾರನ್ನು ಅಗೆದು ಸಮ ಮಾಡಿಲ್ಲ, ಗೋಡೆಗಳೇ ಮರಗಳನ್ನು ಬಳಸಿಕೊಂಡು ಹೋಗುತ್ತವೆ. ಫೋಟೋದಲ್ಲಿ ಶೋಕಿ ಅನ್ನಿಸಿದ್ದ ಬಳುಕು ಅಲ್ಲಿ ಲೆಕ್ಕಾಚಾರ. ಬಾಗಿದ ಗೋಡೆ ತೆಳ್ಳಗಿದ್ದರೂ ತಾನಾಗಿ ನಿಲ್ಲುತ್ತೆ ಅಲ್ವಾ? ಬೇಕರ್ ತಾವೇ ಸೈಟಿಗೆ ಬಂದು, ಮೇಸ್ತ್ರಿಗಳ ಜೊತೆ ನಿಂತು, ನಕ್ಷೆಯನ್ನು ಅಲ್ಲೇ ಬದಲಿಸುತ್ತಿದ್ದವರು. 1985ರಲ್ಲಿ ಕೇರಳದ ಮಾಜಿ ಮುಖ್ಯಮಂತ್ರಿ ಅಚ್ಯುತ ಮೇನನ್ ಮುಂತಾದವರ ಜೊತೆ ಸೇರಿ ಕಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆಯಿಂದ ಈ ಕೆಲಸ ಕೇರಳದ ಎಷ್ಟೋ ಬಡವರ ಮನೆಗೆ ಮುಟ್ಟಿತು.

ಅಲ್ಲೇ ಹತ್ತಿರ ಕೆಲಸ ನಡೆಯುತ್ತಿದ್ದ ಒಂದು ಮನೆಯಲ್ಲಿ ಹಳೇ ಮೇಸ್ತ್ರಿಯೊಬ್ಬರು ಗೋಡೆ ಕಟ್ಟುತ್ತಿದ್ದರು. ನನಗೆ ಮಲಯಾಳಂ ಬರದು, ಅವರಿಗೆ ಕನ್ನಡ ಬರದು. ನನ್ನ ಫೋನಿನಲ್ಲಿದ್ದ ಹಾಳಾದ ಗೋಡೆ ನೋಡಿ ನಕ್ಕರು. ಪಕ್ಕದಲ್ಲಿದ್ದ ಮರದ ರೀಪರ್, ಅಂದರೆ ಉದ್ದನೆಯ ಪಟ್ಟಿ, ಎತ್ತಿ ಪೊಳ್ಳಿನ ಬಾಯಿಗೆ ಮುಚ್ಚಿದರು. ಎರಡೂ ಕಡೆ ಗಾರೆ ಹಾಕಿದರು, ರೀಪರ್ ತೆಗೆದರು, ಇಟ್ಟಿಗೆ ಇಟ್ಟರು. ಅಷ್ಟೇ! ಒಂದು ಹನಿ ಒಳಗೆ ಬೀಳಲಿಲ್ಲ.

ಎರಡನೇ ಮನೆಗೆ ಇಟ್ಟಿಗೆಯನ್ನು ಮಾಲೂರಿನಿಂದ ತರಿಸಿದೆ. ಸಾಗಣೆ ಬಾಡಿಗೆ ಜಾಸ್ತಿಯಾಯ್ತು, ಅಳತೆ ಒಂದೇ ಇತ್ತು. ಗೋಡೆ ಏಳುವ ಮೊದಲೇ ವೈರಿಂಗ್‌ನವನನ್ನು ಕರೆಸಿ, ಸ್ವಿಚ್ ಎಲ್ಲೆಲ್ಲಿ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ, ಪೈಪನ್ನು ಪೊಳ್ಳಿನಲ್ಲೇ ಏರಿಸಿದೆ. ಕಿಟಕಿ, ಬಾಗಿಲುಗಳ ಪಕ್ಕ, ಅವುಗಳ ಮೇಲಿನ ಲಿಂಟಲ್ ತೊಲೆಯ ಮಟ್ಟದಲ್ಲಿ ಮತ್ತು ಛಾವಣಿಯ ಕೆಳಗೆ ಪೊಳ್ಳು ಬಿಡದೆ ಕಟ್ಟಿಸಿದೆ.

ಛಾವಣಿಗೆ ಫಿಲ್ಲರ್ ಸ್ಲ್ಯಾಬ್. ಅದರ ಕೆಳಭಾಗದಲ್ಲಿ ಕೆಲಸ ಮಾಡೋದು ಕಬ್ಬಿಣ, ಕಾಂಕ್ರೀಟ್ ಅಲ್ಲಿ ಬಹುಪಾಲು ಸುಮ್ನೆ ಭಾರ. ಆ ಜಾಗಕ್ಕೆ ನಮ್ಮ ಮಂಗಳೂರು ಹೆಂಚು ಇಡೋದು. ಹಿಂದಿನ ದಿನ ನೆನೆಹಾಕದಿದ್ದರೆ ಅದು ಕಾಂಕ್ರೀಟಿನ ನೀರನ್ನೆಲ್ಲ ಕುಡಿದುಬಿಡುತ್ತೆ.

ಛಾವಣಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಬಿಚ್ಚಿದ ದಿನ ಮನೆಯ ಅಜ್ಜಿ ಒಳಗೆ ಬಂದು ತಲೆ ಎತ್ತಿ ನೋಡಿದರು. ಕಾಂಕ್ರೀಟಿನ ನಡುವೆ ಸಾಲು ಸಾಲು ಕೆಂಪು ಹೆಂಚು.

"ಮಳೆ ಬಂದ್ರೆ ಸೋರಲ್ವೇನಪ್ಪಾ?"

"ಇಲ್ಲ ಅಜ್ಜಿ, ಮೇಲೆ ಕಾಂಕ್ರೀಟ್ ಇದೆ."

"ಹಂಗಿದ್ರೆ ಹೆಂಚು ಯಾಕೆ?"

ಒಂದು ಹೆಂಚು, ಸೀಮೆಸುಣ್ಣ ತಗೊಂಡು ಅವರ ಪಕ್ಕ ನೆಲದ ಮೇಲೆ ಕೂತೆ.