35ರ ಗೋಲಿಗೆ ದುಡ್ಡು ಹಾಕಿದ್ದು

ಎನ್‌ಎಚ್‌ಎಲ್ ಐಸ್ ಹಾಕಿ ಆಟಗಾರರನ್ನು ಹರಾಜಿನಲ್ಲಿ ಕೊಂಡು, ಅವರ ನಿಜವಾದ ಆಟದ ಅಂಕಿಗಳ ಮೇಲೆ ಪೈಪೋಟಿ ನಡೆಸುವ ಟೊರಾಂಟೊದ ನಮ್ಮ ಫ್ಯಾಂಟಸಿ ಹಾಕಿ ಪೂಲ್‌ನಲ್ಲಿ 2023ರ ಹರಾಜಿಗೆ ಫ್ಲೋರಿಡಾ ತಂಡದ ಗೋಲಿ (ಗೋಲ್‌ಕೀಪರ್) ಸರ್ಗೇ ಬಾಬ್ರೊವ್ಸ್ಕಿ ಹೆಸರು ಬಂದಾಗ ಕೈ ಎತ್ತಿದ್ದು ನಾನೊಬ್ಬನೇ. ಎಲ್ಲರೂ ನಕ್ಕರು. ಅವನಿಗೆ ಆಗಷ್ಟೇ 35 ತುಂಬಿತ್ತು, ಹಿಂದಿನ ಸೀಸನ್ ಸೇವ್ ಪರ್ಸೆಂಟೇಜ್ (ಎದುರಾದ ಹೊಡೆತಗಳಲ್ಲಿ ತಡೆದ ಪಾಲು) .901, ಸಂಬಳ ಮಾತ್ರ ವರ್ಷಕ್ಕೆ 1 ಕೋಟಿ ಡಾಲರ್. 200ರ ಬಜೆಟ್‌ನಲ್ಲಿ ನನಗೆ ಒಂಬತ್ತೋ ಹತ್ತಕ್ಕೋ ಸಿಕ್ಕ. ಪಕ್ಕದವರು ಚಿಕ್ಕ ವಯಸ್ಸಿನ ಗೋಲಿ ಬೇಕು ಅಂತ ಬೆಲೆಯನ್ನು 35ರವರೆಗೂ ಏರಿಸಿದರು!

ಅದಕ್ಕಿಂತ ಹಿಂದಿನ ವರ್ಷ ನನ್ನ ದುಡ್ಡು ಇನ್ನೊಬ್ಬ ಹಿರಿಯ ಗೋಲಿ ಜೊನಾಥನ್ ಕ್ವಿಕ್ ಮೇಲೆ ಹೋಗಿತ್ತು. ಎರಡು ಸ್ಟಾನ್ಲಿ ಕಪ್ (ಲೀಗಿನ ಚಾಂಪಿಯನ್ ಟ್ರೋಫಿ) ಗೆದ್ದ ಹೆಸರು, ಅಲ್ವಾ? ಲಾಸ್ ಏಂಜಲೀಸ್‌ನಲ್ಲಿ .876ಕ್ಕೆ ಇಳಿದ, ಕೆಳಗಿನ ಲೀಗಿನಿಂದ ಕರೆಸಿದ ಗೋಲಿ ಕಾಪ್ಲೆ ಜಾಗ ಹಿಡಿದ, ಮಾರ್ಚ್ ಹೊತ್ತಿಗೆ ಕ್ವಿಕ್ ಕೊಲಂಬಸ್ ಮುಟ್ಟಿ ವೇಗಸ್‌ಗೆ ಹೋಗಿದ್ದ. ನನ್ನ ಎಂಟ್ರಿ ಫೀಸು 50 ಡಾಲರ್ ಹಾಗೇ ಹೋಯಿತು.

ಆಮೇಲೆ ನಾನು ಸೀಸನ್ ಸರಾಸರಿ ನೋಡುವುದನ್ನೇ ಬಿಟ್ಟೆ. ಮೊದಲು ನೋಡುವುದು ಬೆಂಚು. ಎರಡನೇ ಗೋಲಿ ತೀರಾ ಸಪ್ಪೆ ಇದ್ದರೆ ಹಿರಿಯನನ್ನು ಸುಮ್ನೆ ದುಡಿಸಿ ಸುಸ್ತು ಮಾಡುತ್ತಾರೆ, ಸಿಕ್ಕಾಪಟ್ಟೆ ಚೆನ್ನಾಗಿದ್ದರೆ ಜಾಗವೇ ಹೋಗುತ್ತದೆ. ಫ್ಲೋರಿಡಾದಲ್ಲಿ ಎರಡನೇ ಗೋಲಿಯಾಗಿ ಸ್ಟೊಲಾರ್ಜ್ ಇದ್ದ, 25ರ ಆಸುಪಾಸು ಆಟ ಅವನೇ ಹೊತ್ತ. ನಂತರ ವಿಡಿಯೊ: ಬ್ಯಾಕ್-ಟು-ಬ್ಯಾಕ್‌ನ (ಸತತ ಎರಡು ದಿನದ ಆಟ) ಎರಡನೇ ರಾತ್ರಿ, ಕೊನೆಯದಾದ ಮೂರನೇ ಪೀರಿಯಡ್, ಒಂದು ಪೋಸ್ಟಿನಿಂದ ಇನ್ನೊಂದಕ್ಕೆ ಜಾರುವಾಗ ಕಾಲು ತಡವಾಗುತ್ತಿದೆಯಾ ಅಂತ. ವಯಸ್ಸಾದ ಗೋಲಿಗೆ ಮೊದಲು ಕೈಕೊಡುವುದು ಸೊಂಟ, ಗ್ಲವ್ ಅಲ್ಲ. 2023ರ ಪ್ಲೇಆಫ್‌ನಲ್ಲಿ ಬೋಸ್ಟನ್ ವಿರುದ್ಧ ಬಾಬ್ರೊವ್ಸ್ಕಿಯ ಕಾಲು ನೋಡಿದವರಿಗೆ ಉತ್ತರ ಸಿಕ್ಕಿರುತ್ತದೆ. ಆ ಸೀಸನ್ 65 ಆಟ ಗೆದ್ದ ತಂಡ ಬೋಸ್ಟನ್, ಮೊದಲ ಸುತ್ತಲ್ಲೇ ಮನೆಗೆ ಹೋಯಿತು.

ನಾನು ಕೊಂಡ 2023-24ರ ಸೀಸನ್‌ನಲ್ಲಿ ಬಾಬ್ರೊವ್ಸ್ಕಿಗೆ 36 ಗೆಲುವು, ಒಂದೂ ಗೋಲು ಬಿಡದ 6 ಶಟ್‌ಔಟ್, .915. ವರ್ಷದ ಶ್ರೇಷ್ಠ ಗೋಲಿಗೆ ಕೊಡುವ ವೆಜಿನಾ ಪ್ರಶಸ್ತಿಯ ಫೈನಲಿಸ್ಟ್ ಬೇರೆ. ಜೂನ್‌ನಲ್ಲಿ ಕಪ್ಪೂ ಬಂತು, ಆದರೆ ನಮ್ಮ ಪೂಲ್ ಏಪ್ರಿಲ್‌ಗೇ ಮುಗಿದಿತ್ತು, ನನ್ನ ಜೇಬಿಗೆ ಹೆಚ್ಚುಕಮ್ಮಿ 400 ಡಾಲರ್ ಬಂದಿತ್ತು. ನಕ್ಕವರಲ್ಲಿ ಇಬ್ಬರು ಈಗ ಹರಾಜಿಗೆ ಮೊದಲು ನನಗೇ ಫೋನ್ ಮಾಡುತ್ತಾರೆ.

ಮಧ್ಯೆ ಇನ್ನೊಂದು ಪ್ರಯೋಗ ನಡೆಸಿದೆ. ಮಧ್ಯಾಹ್ನದ ಆಟಗಳಲ್ಲಿ ಹಿರಿಯರು ಸೋಲುತ್ತಾರಾ ಅಂತ ಒಂದು ಚಳಿಗಾಲ ಪೂರ್ತಿ ಎಕ್ಸೆಲ್ ತುಂಬಿದೆ. ಏನೂ ಸಿಗಲಿಲ್ಲ. ಆಟದ ದಿನ ಬೆಳಗಿನ ಅಭ್ಯಾಸದ ಸ್ಕೇಟ್‌ನಲ್ಲಿ ಮೊದಲು ಐಸ್ ಬಿಟ್ಟು ಹೋಗುವ ಗೋಲಿಯೇ ಸಾಮಾನ್ಯವಾಗಿ ರಾತ್ರಿ ಆಡುವವನು. ಯಾವ ವಾರಗಳಲ್ಲಿ ಹಿರಿಯನನ್ನು ನಾನೇ ಕೂರಿಸುತ್ತೇನೆ ಅನ್ನುವುದು ಮಾತ್ರ ಹೇಳುವುದಿಲ್ಲ, ನಮ್ಮ ಪೂಲ್‌ನವರೂ ಇದನ್ನು ಓದುತ್ತಾರೆ.