ಕಲರ್ ಲ್ಯಾಬಿನ ಎಫ್‌ಟಿಪಿಗೆ ಆಷಾಢದಲ್ಲಿ ಬೀಗ

ರಾಯಚೂರಿನಲ್ಲಿ ನಾನು ಸಿಸ್ಟಂ ನೋಡಿಕೊಳ್ಳುವ ಕಲರ್ ಲ್ಯಾಬಿಗೆ ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗದ ಸ್ಟುಡಿಯೋದವರು ಮದುವೆ ಆಲ್ಬಮ್ಮಿನ ಶೀಟ್ ಕಳಿಸುತ್ತಿದ್ದುದು ಎಫ್‌ಟಿಪಿಯಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಫೈಲು ಸಾಗಿಸುವ ಹಳೆಯ ವಿಧಾನದಲ್ಲಿ. 12×36 ಇಂಚಿನ ಶೀಟು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 3600×10800 ಪಿಕ್ಸೆಲ್ ಆಗುತ್ತದೆ, ಒಂದೊಂದು ಜೆಪೆಗ್ ಹತ್ತು ಹದಿನೈದು ಎಂಬಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿಬಿಡುತ್ತದೆ. ಹಾಗಾಗಿ ಎಲ್ಲರ ಕಂಪ್ಯೂಟರಿನಲ್ಲೂ ಫೈಲ್‌ಜಿಲ್ಲಾ ಎಂಬ ಎಫ್‌ಟಿಪಿ ಸಾಫ್ಟ್‌ವೇರ್, ಎಲ್ಲರಿಗೂ ಒಂದೇ ಯೂಸರ್‌ನೇಮ್, ಒಂದೇ ಪಾಸ್‌ವರ್ಡ್. ಒಬ್ಬರ ಗಿರಾಕಿಯ ಮದುವೆ ಫೋಟೋ ಇನ್ನೊಬ್ಬರು ತೆಗೆದು ನೋಡಬಹುದಿತ್ತು. ನೋಡುತ್ತಲೂ ಇದ್ದರು, ಡಿಸೈನ್ ಕದಿಯಲಿಕ್ಕೆ!

ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ ಎಂಐಟಿಯಲ್ಲಿದ್ದಾಗ 1971ರಲ್ಲಿ ಎಫ್‌ಟಿಪಿಯ ಮೊದಲ ಕರಡು ಬರೆದರು. ಪಾಸ್‌ವರ್ಡ್ ಬರಿಗಣ್ಣಿಗೆ ಓದುವಂತೆ ತಂತಿಯ ಮೇಲೆ ಹೋದರೂ ಅಂದಿಗೆ ಅಂಜಿಕೆ ಇರಲಿಲ್ಲ. 2021ರಲ್ಲಿ ಫೈರ್‌ಫಾಕ್ಸ್ 90, ಕ್ರೋಮ್ 95 ಎರಡೂ ಎಫ್‌ಟಿಪಿಯನ್ನು ಕಿತ್ತುಹಾಕಿದವು. "ಸರ, ಕ್ರೋಮ್‌ನಾಗ ಓಪನ್ ಆಗವಲ್ದ್ರಿ" ಎಂಬ ಫೋನು ಶುರುವಾದದ್ದು ಆಗಲೇ.

ಆದರೆ ಲ್ಯಾಬಿನವರಿಗೆ ಸುರಕ್ಷತೆಗಿಂತ ದೊಡ್ಡ ಗೋಳು ಅರೆಬರೆ ಫೈಲು. ಸ್ಟುಡಿಯೋದಲ್ಲಿ ಕರೆಂಟು ಹೋದರೆ ಅಷ್ಟಕ್ಕೇ ನಿಂತ ಜೆಪೆಗ್ ಸರ್ವರಿನಲ್ಲಿ ಪೂರ್ತಿ ಹೆಸರಿನಲ್ಲೇ ಕೂತಿರುತ್ತದೆ. ತೆರೆದರೆ ಮೇಲೆ ಮದುಮಗಳ ಮುಖ, ಕೆಳಗೆ ಬರೀ ಬೂದುಬಣ್ಣ. ನೋಡದೆ ಪ್ರಿಂಟಿಗೆ ಬಿಟ್ಟರೆ ಪೇಪರ್ ದಂಡ.

ಎಫ್‌ಟಿಪಿಯ ಜಾಗಕ್ಕೆ ನೆಕ್ಸ್ಟ್‌ಕ್ಲೌಡ್ ಹಾಕಿದೆ; ಬ್ರೌಸರಿನಿಂದಲೇ ನಮ್ಮ ಸರ್ವರಿಗೆ ಫೈಲು ಹಾಕಲು ಬಿಡುವ ಸಾಫ್ಟ್‌ವೇರ್ ಅದು. ಅಪ್‌ಲೋಡ್ ಮುಗಿಯುವವರೆಗೆ ಫೈಲು ಫೋಲ್ಡರಿನಲ್ಲಿ ಕಾಣುವುದೇ ಇಲ್ಲ, ಗೋಳು ಅಲ್ಲಿಗೆ ತೀರಿತು. ಲ್ಯಾಬಿಗೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಇತ್ತು. ಸಂಪರ್ಕವನ್ನು ಗುಪ್ತವಾಗಿಡಲು ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತ, 90 ದಿನಕ್ಕೆ ಮುಗಿಯುತ್ತದೆ, ಸರ್ಟ್‌ಬಾಟ್ ಎಂಬ ಸಾಫ್ಟ್‌ವೇರ್ ತಾನೇ ನವೀಕರಿಸುತ್ತದೆ. ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡದನ್ನು ಬಿಡುವುದಿಲ್ಲ, 413 ಎಂಬ ದೋಷ ತೋರಿಸಿ ತಳ್ಳುತ್ತದೆ. ನೆಕ್ಸ್ಟ್‌ಕ್ಲೌಡನ್ನು ಓಡಿಸುವ ಪಿಎಚ್‌ಪಿಯ ಮಿತಿ 2 ಎಂಬಿ. ಎರಡನ್ನೂ ಏರಿಸಿದೆ. ಇಷ್ಟು ಸಲೀಸು.

ತಲೆ ತಿಂದದ್ದು ಫೋಲ್ಡರ್ ಹೆಸರು. 'ಸಿಂಧನೂರು 12×36 ಮೂವತ್ತು ಶೀಟ್ ಮ್ಯಾಟ್ ಅರ್ಜೆಂಟ್ ಬುಧವಾರ ಬಸ್ಸಿಗೆ' ಅಂತ ಇಡುತ್ತಿದ್ದರು. ಅಂದರೆ ಆರ್ಡರ್ ಫಾರಂ ಅನ್ನುವುದು ಇದ್ದದ್ದೇ ಆ ಹೆಸರಿನಲ್ಲಿ. ಬರೀ ಅಪ್‌ಲೋಡ್ ಗುಂಡಿ ಕೊಟ್ಟರೆ ಫೈಲು ಬರುತ್ತದೆ, ಕೆಲಸ ಬರುವುದಿಲ್ಲ. ಅದಕ್ಕೇ ಒಂದು ಚಿಕ್ಕ ಫಾರಂ ಸೇರಿಸಿದೆ: ಸೈಜು, ಗ್ಲಾಸಿಯೋ ಮ್ಯಾಟೋ, ಯಾವ ದಿನ, ಎಷ್ಟು ಶೀಟು. ಕೊನೆಯದ್ದೇ ಮುಖ್ಯ. ಮೂವತ್ತು ಅಂತ ಬರೆದು ಇಪ್ಪತ್ತೊಂಬತ್ತು ಫೈಲು ಬಂದಿದ್ದರೆ ಆಪರೇಟರ್ ಅಲ್ಲೇ ಫೋನ್ ಮಾಡುತ್ತಾನೆ. "ಹಾಕೀನ್ರಿ, ಬಂದಾವೇನ್ ನೋಡ್ರಿ" ಎಂಬ ಫೋನುಗಳೂ ಕಡಿಮೆಯಾದವು.

ನೆಕ್ಸ್ಟ್‌ಕ್ಲೌಡಿನ ಡೆಸ್ಕ್‌ಟಾಪ್ ಆ್ಯಪನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದು ಎರಡೂ ಕಡೆ ಒಂದೇ ಥರ ಇಡುವಂಥದ್ದು. ಪ್ರಿಂಟ್ ಆದ ಮೇಲೆ ಲ್ಯಾಬಿನವರು ಜಾಗ ಖಾಲಿ ಮಾಡಲು ಅಳಿಸಿದರೆ, ಸ್ಟುಡಿಯೋದವರ ಆ ಫೋಲ್ಡರಿನಿಂದಲೂ ಹೋಗುತ್ತದೆ. ಬ್ರೌಸರೇ ಸಾಕು. ಜಿಪ್ ಮಾಡಬೇಡಿ ಅಂತಲೂ ಹೇಳಿದೆ: ಶೀಟು ಬಿಡಿಬಿಡಿಯಾಗಿದ್ದರೆ ಕರೆಂಟು ಹೋದಾಗ ಕೆಡುವುದು ಒಂದೇ ಫೈಲು.

ಹಳೆಯದನ್ನು ಮುಚ್ಚುವ ಮೊದಲು ಅದರಲ್ಲೇ ಸ್ಟುಡಿಯೋಗೊಂದು ಯೂಸರ್‌ನೇಮ್ ಮಾಡಿಕೊಟ್ಟೆ. ಇಲ್ಲದಿದ್ದರೆ ಲಾಗ್ (ಯಾರು ಯಾವಾಗ ಬಂದರೆಂದು ಸರ್ವರ್ ಬರೆದಿಡುವ ದಾಖಲೆ) ನೋಡಿ ಯಾರು ಇನ್ನೂ ಬಿಟ್ಟಿಲ್ಲ ಅಂತ ಹೇಳಲಾಗದು. ಮೊಬೈಲ್ ಇಂಟರ್ನೆಟ್ಟಿನ ಐಪಿ ಬದಲಾಗುತ್ತಿರುತ್ತದೆ, ಅದನ್ನು ನಂಬಿಕೊಂಡು ಆಗುವ ಮಾತಲ್ಲ. ಲಾಗಿನಲ್ಲಿ ಸಿಕ್ಕವರಿಗೆಲ್ಲ ಫೋನ್ ಮಾಡಿ, ಪರದೆ ಮುಂದೆ ಕೂರಿಸಿ ಒಂದು ಆಲ್ಬಮ್ ಕಳಿಸಿಕೊಂಡೆ. ಜ್ಯೇಷ್ಠದವರೆಗೆ ಮದುವೆಗಳ ಗಡಿಬಿಡಿ, ಆಗ ಕೈಹಾಕಿದರೆ ಬೈಗುಳ ಗ್ಯಾರಂಟಿ. ಆಷಾಢ ಹಿಡಿದು, ಬಾಕಿ ಆಲ್ಬಮ್ಮುಗಳು ಪ್ರಿಂಟಾದ ಮೇಲೆ ಮೊದಲು ಅಪ್‌ಲೋಡ್ ನಿಲ್ಲಿಸಿದೆ, ಆಮೇಲೆ ರೌಟರಿನಲ್ಲಿ ಎಫ್‌ಟಿಪಿಯ ಬಾಗಿಲುಗಳಾದ 21ನೇ ಪೋರ್ಟನ್ನೂ, ಫೈಲು ಸಾಗುವ ಪ್ಯಾಸಿವ್ ಪೋರ್ಟುಗಳನ್ನೂ ಮುಚ್ಚಿದೆ.

ಪೂರ್ತಿ ಹೋಗಿಲ್ಲ ಅನ್ನಿ. ಪ್ರಿಂಟಿಂಗ್ ಮಶೀನಿಗೆ ಜೋಡಿಸಿದ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ ಈಗಿನ ಎಚ್‌ಟಿಟಿಪಿಎಸ್, ಅಂದರೆ ವೆಬ್‌ಸೈಟುಗಳ ಸುರಕ್ಷಿತ ಸಂಪರ್ಕ, ಅರ್ಥವಾಗದು. ಅದೊಂದಕ್ಕಾಗಿ ಎಫ್‌ಟಿಪಿಯನ್ನು ಲ್ಯಾಬಿನ ಒಳಗಿನ ಐಪಿಗೆ ಮಾತ್ರ ಕಟ್ಟಿ, ಓದಲಷ್ಟೇ ಬಿಟ್ಟಿದ್ದೇನೆ. ಆ ಮಶೀನು ಗುಜರಿಗೆ ಹೋಗುವತನಕ ಅದೂ ಇರುತ್ತದೆ.